ಒಂದು ಸಾಲು ಖಾಲಿ

ತಾಪಾ ಜಂಕ್ಷನ್ನಿನಲ್ಲಿ ಮೂವತ್ತೊಂದು ವರ್ಷ
ಹಳಿ ಬದಲಿಸುವ ಕೆಲಸ ಮಾಡಿದ ಹೆಲ್ದುರ್
ಕಾದಂಬರಿ ಬರೆದು ತಂದರು,
ಉಪ್ಪುಮೀನಿನ ವಾಸನೆಯ ಚೀಲದಲ್ಲಿ.
ಓದಿ ಮುಗಿಸುವಷ್ಟರಲ್ಲಿ
ನನ್ನ ಕೆಂಪು ಪೆನ್ಸಿಲೂ ಮುಗಿದಿತ್ತು.

"ನೋಡಿ, ಪ್ಲಾಟ್‌ಫಾರ್ಮಿನ ಹಿಮ ಗೋರುತ್ತಿದ್ದವನು
ಮುಂದಿನ ವಾಕ್ಯಕ್ಕೆ ಮದುವೆಮನೆಯಲ್ಲಿ ಕುಣಿಯುತ್ತಾನೆ.
ನಡುವೆ ಹತ್ತು ವರ್ಷ. ಒಂದು ಅಲ್ಪವಿರಾಮವೂ ಇಲ್ಲ.
ಓದುವವರನ್ನು ಕಣ್ಣು ಕಟ್ಟಿ ಕಾಡಿಗೆ ಬಿಟ್ಟ ಹಾಗಾಯಿತು.
ದೀಪ ತೋರಿಸದೆ ನೀವು
ಒಂದು ಗೂಡ್ಸು ಗಾಡಿಯನ್ನಾದರೂ ಬಿಟ್ಟಿದ್ದೀರಾ?"

ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡರು.
"ಇಲ್ಲ. ಒಮ್ಮೆಯೂ ಇಲ್ಲ."
ತುಸು ತಡೆದು,
"ಎಪ್ಪತ್ತೆಂಟರಲ್ಲಿ ಒಂದು ಸಲ.
ಯಾರಿಗೂ ಗೊತ್ತಾಗಲಿಲ್ಲ."

ಜಾಗ ಬದಲಾದರೆ ಒಂದು ಸಾಲು ಖಾಲಿ ಬಿಡಿ, ಅಂದೆ.
ಆ ಖಾಲಿ ಪುಟದ ಬುಡಕ್ಕೆ ಬಿದ್ದರೆ ಕಣ್ಣಿಗೆ ಬೀಳುವುದಿಲ್ಲ,
ಅಲ್ಲಿ ಮೂರು ನಕ್ಷತ್ರ ಇಡಿ.
ಮೊದಲ ಉಸಿರಿಗೇ ಹೇಳಿಬಿಡಿ:
ಯಾರ ಕಣ್ಣು, ಯಾವ ಊರು,
ಒಲೆ ಉರಿಯುತ್ತಿದೆಯೋ ಆರಿದೆಯೋ.
ಒಂದೇ ಕೋಣೆಯಲ್ಲಿ ಇಬ್ಬರಿದ್ದರೆ
ಒಬ್ಬರ ತಲೆಯೊಳಗೆ ಮಾತ್ರ ಕೂತಿರಿ.
ಬಾಗಿಲು ಹಾಕಿಕೊಂಡು ಹೊರಗೆ ಬನ್ನಿ,
ಆಮೇಲೆ ಇನ್ನೊಬ್ಬರ ಮನೆ.

ಹಳೆಯ ಟೈಮ್‌ಟೇಬಲ್ಲಿನ ಬೆನ್ನಿಗೆ ಎಲ್ಲ ಬರೆದುಕೊಂಡು ಹೋದರು.
ಹಿಮ ಕರಗುವ ಹೊತ್ತಿಗೆ ತಿದ್ದಿ ತಂದರು.
ಎಲ್ಲ ಗಾಡಿಯೂ ತನ್ನ ತನ್ನ ಹಳಿಯ ಮೇಲೆ.
ತುಸು ಹೆಚ್ಚೇ ಆಗಿತ್ತು ಅನ್ನಿ,
ನಾಯಿ ಬೊಗಳಿದ್ದಕ್ಕೂ ಮೂರು ನಕ್ಷತ್ರ.

ಪುಟ ನೂರ ಹನ್ನೆರಡು ಮಾತ್ರ ಇದ್ದ ಹಾಗೇ ಇತ್ತು.

ನಮ್ಮ ನುಡಿಯಲ್ಲಿ ಗಂಡಿಗೂ ಹೆಣ್ಣಿಗೂ ಒಂದೇ ಮಾತು: ತಾ.
ಅಡುಗೆಮನೆ. ಜನವರಿ. ಹೆಲ್ದುರ್, ಲೈನೆ, ಇಬ್ಬರಿಗೂ ನಿದ್ದೆಯಿಲ್ಲ.
ತಾ ಎದ್ದು ಕಿಟಕಿ ತೆರೆದದ್ದು.
ತಾ ಅಂದುಕೊಂಡದ್ದು, ಇನ್ನು ಹೆಚ್ಚು ದಿನ ಇಲ್ಲ.
ತಾ ಏನೂ ಹೇಳದೆ ಲೋಟ ತೊಳೆದಿಟ್ಟದ್ದು.

"ಯಾರು ತೆರೆದದ್ದು? ಯಾರು ಅಂದುಕೊಂಡದ್ದು?"
"ಗೊತ್ತಿಲ್ಲ."
"ನೀವೇ ಅಲ್ಲಿದ್ದಿರಲ್ಲ!"
"ಇದ್ದೆ. ಅದಕ್ಕೇ ಗೊತ್ತಿಲ್ಲ.
ಆ ಚಳಿಗಾಲ ಒಬ್ಬರು ಕೆಮ್ಮಿದರೆ
ಇನ್ನೊಬ್ಬರು ತಮ್ಮ ಎದೆ ಉಜ್ಜಿಕೊಳ್ಳುತ್ತಿದ್ದೆವು."

ಪೆನ್ಸಿಲು ಆ ಸಾಲುಗಳ ಮೇಲೆ
ಬಹಳ ಹೊತ್ತು ನಿಂತಿತ್ತು.
ಕೆಳಗೆ ಬೀದಿಯಲ್ಲಿ ಯಾರೋ ಕಾರಿನ ಗಾಜಿನ ಮಂಜು ಕೆರೆಯುತ್ತಿದ್ದರು.

ಮೇಲೆ ಒಂದು ಸಾಲು ಖಾಲಿ ಬಿಟ್ಟೆ, ಕೆಳಗೆ ಒಂದು.
ಒಳಗೆ ಕೈ ಹಾಕಲಿಲ್ಲ.

ಅಚ್ಚುಮನೆಯ ಹುಡುಗ ಫೋನು ಮಾಡಿದ:
"ನೂರ ಹನ್ನೆರಡರಲ್ಲಿ ಯಾರು ಯಾರೆಂದು ತಿಳಿಯುತ್ತಿಲ್ಲ,
ಹೆಸರು ಬಿಟ್ಟುಹೋಗಿದೆಯೇನೋ?"

ಗೊತ್ತು, ಅಂದೆ.
ಬಿಡು, ಹೋಗಲಿ.