ನೂರ ಹತ್ತೊಂಬತ್ತು

ಹತ್ತರೊಳಗಿರಬೇಕು ಅಂತ ಚೀಟಿಯ ಮೂಲೆಯಲ್ಲೇ ಅಚ್ಚಾಗಿದೆ.
ಯುಗಾದಿಗೆ ನೂರ ಮೂವತ್ತು, ಗೌರಿಹಬ್ಬಕ್ಕೆ ನೂರ ಹತ್ತೊಂಬತ್ತು,
ಸಂಕ್ರಾಂತಿಗೆ ಮತ್ತೆ ಅದೇ ನೂರ ಹತ್ತೊಂಬತ್ತು.
ಚಿಂತಾಮಣಿಯ ಲ್ಯಾಬಿನ ಹುಡುಗ ಸೂಜಿ ಬಿಚ್ಚುವಾಗ
ಶಿರೀಷಾ ಈಗ ಮುಖ ತಿರುಗಿಸುವುದಿಲ್ಲ,
ಯಾವ ಕೈ ಅಂತ ಅವಳೇ ಕೇಳುತ್ತಾಳೆ.

ಚಪಾತಿ ಬಿಟ್ಟು ಎರಡು ವರ್ಷ.
ಪೂರಿ, ಬನ್ನು, ಉಪ್ಪಿಟ್ಟು, ಗೆಳತಿಯ ಹುಟ್ಟುಹಬ್ಬದ ಕೇಕು
ಯಾವುದೂ ಇಲ್ಲ.
ಇಂಗಿಗೂ ಮೈದಾ ಬೆರೆಸಿರ್ತಾರೆ ಅಂದಾಗ
ನಾಗವೇಣಿ ಡಬ್ಬಿಯನ್ನೇ ತಿಪ್ಪೆಗೆಸೆದಳು;
ಅಂದಿನಿಂದ ನಮ್ಮ ಮನೆಯ ಸಾರು
ಮಾತು ಅರ್ಧಕ್ಕೆ ನಿಲ್ಲಿಸಿದವರ ಹಾಗೆ.

"ಕದ್ದು ತಿಂತೀಯೇನಮ್ಮ?" ಅಂದರು ದೊಡ್ಡ ಡಾಕ್ಟರು.
ಅವಳು ನನ್ನ ಮುಖ ನೋಡಿದಳು.
ನಾನು ಗೋಡೆ ನೋಡಿದೆ.
ರಾತ್ರಿ ಅವಳು ಮಲಗಿದ ಮೇಲೆ
ಸ್ಕೂಲ್ ಬ್ಯಾಗು ತಲೆಕೆಳಗು ಮಾಡಿ ಕೊಡವಿದೆವು
ಕಳ್ಳರ ಹಾಗೆ, ಇಬ್ಬರೂ:
ಏಳು ಹುಣಸೆಬೀಜ, ಮೊಂಡು ಪೆನ್ಸಿಲ್ಲು,
ಒಣಗಿದ ಅಕ್ಕಿರೊಟ್ಟಿಯ ಚೂರು.
ಬಿಸ್ಕತ್ತಿನ ಒಂದು ಪುಡಿಯೂ ಇಲ್ಲ.
ಸಿಕ್ಕಿದ್ದರೇ ಚೆನ್ನಾಗಿತ್ತು ಅನ್ನಿಸಿತು.

ಅವಳ ರಾಗಿ ನಾನೇ ಬೀಸುವುದು.
ಬೋಣಿಗೂ ಮುಂಚೆ, ಬೆಳಗಿನ ಮೊದಲ ಬೀಸು,
ಊರವರ ಗೋಧಿ ಕಲ್ಲಿಗೆ ಬೀಳುವ ಮೊದಲು.
ಅಪ್ಪನದೇ ಮಿಲ್ಲು, ನಿನಗೇನು ಯೋಚನೆ
ಅಂತ ಜಂಬ ಬೇರೆ.

ಕೋಲಾರದ ಡಾಕ್ಟರಮ್ಮ ಬೈಯಲಿಲ್ಲ.
"ನೀವೇನು ಕೆಲಸ ಮಾಡೋದು?" ಅಂದರು.
ಹೇಳಿದೆ.
ಪೆನ್ನು ಮುಚ್ಚಿಟ್ಟು ನನ್ನ ಹುಬ್ಬನ್ನೇ ನೋಡಿದರು.

ನಿನ್ನೆ ಸಂಜೆಯ ಗೋಧಿಯನ್ನು ಕಲ್ಲು ಮರೆತಿರಲಿಲ್ಲ.
ನನ್ನ ಅಂಗಿಯೂ, ಕಿವಿಯ ಮಡಿಕೆಯೂ,
ಎತ್ತಿಕೊಂಡರೆ ಅವಳು ಮೂಗು ಹುದುಗಿಸುವ ಈ ಹೆಗಲೂ,
ಮುದ್ದೆ ಮುರಿದು, ಸಾರಲ್ಲದ್ದಿ,
ಜ್ವರ ಬಂದಾಗೆಲ್ಲ ಅವಳ ಬಾಯಿಗಿಟ್ಟ ಈ ಬೆರಳೂ.

ಈಗ ಹಿತ್ತಲಲ್ಲೇ ಹಂಡೆ, ಬೇರೆ ಪಂಚೆ.
ಸಾವಿನ ಮನೆಯಿಂದ ಬಂದವನ ಹಾಗೆ
ತಲೆಗೆ ಸುರಿದುಕೊಂಡೇ ಒಳಗೆ.
ಅಟ್ಟದ ರಾಗಿಕಲ್ಲು ಕೆಳಗಿಳಿದಿದೆ.
ಮಿಲ್ಲಿನವನ ಮನೆಯಲ್ಲಿ ಕೈಬೀಸಿನ ಸದ್ದು!
ಬೀದಿಯವರು ನಗುತ್ತಾರೆ, ನಗಲಿ,
ನಾಗವೇಣಿಯ ಅಂಗೈ ಬೊಬ್ಬೆ ನೋಡಿದರೆ ನಕ್ಕಾರೇ?

ಗೌರಿಹಬ್ಬದ ಹೊತ್ತಿಗೆ ಮತ್ತೆ ರಕ್ತ ಕೊಡಬೇಕು.
ಎಷ್ಟು ಬರುತ್ತದೋ.

ನಿನ್ನೆ ಬಾಗಿಲಿಗೆ ಅಡ್ಡ ನಿಂತಿದ್ದಳು, ಸೊಂಟಕ್ಕೆ ಕೈಯಿಟ್ಟು.
"ಸ್ನಾನ ಆಯ್ತಾ ಅಪ್ಪ?"
ಆಯ್ತು ಅಂದೆ.
"ಹುಬ್ಬು?"
ಮತ್ತೆ ಹಿತ್ತಲಿಗೆ ನಡೆದೆ.