ಹದಿನಾಲ್ಕನೇ ಕಲ್ಲು

ಕಲಘಟಗಿ ದಾಟಿ, ತಂಬೂರ ಹಾದಿ ಬಿಟ್ಟು
ಎಡಕ್ಕ ಹೊಳ್ಳಿದರ ನನ್ನ ಬೀಟು.
ಹನ್ನೊಂದು ಚೌರಸ ಕಿಲೋಮೀಟರು,
ಇಪ್ಪತ್ತೆರಡು ಗಡಿಕಲ್ಲು,
ಒಂದು ಸೈಕಲ್ಲು, ಒಂದು ಲಾಠಿ,
ಒಬ್ಬ ವಾಚರು: ಬಾಗು ಝೋರೆ.

ನಾನು ನವಲಗುಂದದಾಕಿ, ಎರಿಮಣ್ಣಿನ ಮಗಳು.
ನೆರಳಂದರ ನಮ್ಮೂರಾಗ
ಬಸ್ ಸ್ಟ್ಯಾಂಡಿಂದು, ಇಲ್ಲಾ ಮೋಡದ್ದು.
ಮೊದಲ ಮಿರಗದಾಗ ಇಲ್ಲಿ ಬಂದು
ಮತ್ತಿ, ಹೊನ್ನೆಯ ಕೆಳಗ ನಿಂತಾಗ
ಯಾರೋ ಕದ ಮುಚ್ಚಿಕೊಂಡ್ರು ಅನಿಸಿತ್ತು.

ಸಾಹೇಬರ ಫಾರ್ಮಿನಾಗ ಒಂದು ಖಾನೆ:
‘ತೇವದ ಕಾಡು / ಒಣ ಕುರುಚಲು.
ಬೇಡವಾದದ್ದನ್ನು ಹೊಡೆದುಹಾಕಿ.’
ಮೂರು ವರ್ಷದಿಂದ ಪೆನ್ನು ಹಿಡಿದು ಕುಂತೀನಿ.

ಹಳ್ಳದ ಆ ದಂಡಿಗೆ ಸಾಗವಾನಿ, ಬಿದಿರ ಮೆಳೆ.
ಮಂಗಟ್ಟೆ ರೆಕ್ಕೆ ಬಡಿದರ
ಹಳೇ ರೈಲು ಉಸಿರು ಬಿಟ್ಟಂಗ.
ಈ ದಂಡಿಗೆ ಕಾರಿ, ಕವಳಿ, ಬಾರಿಕಂಟಿ,
ಸೊಂಟಮಟ ಕರಡ,
ಅದರಾಗ ಗೌಜಲಿನ ಜಗಳ.
ನಡುವ ಹಳ್ಳ. ನಾಲ್ಕು ತಿಂಗಳು ನೀರು,
ಎಂಟು ತಿಂಗಳು ಬರೇ ಹೆಸರು.

ಒಂದಿನ ದಾಟಿ ಬಂದು ಬೂಟು ಬಿಚ್ಚಿದೆ:
ಎಡಗಾಲಿನ ಚೀಲದಾಗ ಇಂಬಳ,
ಬಲಗಾಲಿಂದರಾಗ ಕರಡದ ಮುಳ್ಳು.
ಬಾಗು ನಕ್ಕ: ‘ಬರ್ಕೋರಿ ಬಾಯಿ,
ನಿಮ್ಮ ಖಾನೆ ತುಂಬ್ತು.’

ಅವನು ಬೂಟು ಹಾಕೂದಿಲ್ಲ.
ಇಲಾಖೆ ಕೊಟ್ಟ ಜೋಡು ಗುಡಿಸಲ ಮೂಲ್ಯಾಗ ಬಿದ್ದಾವ,
ಅದರಾಗ ಕೋಳಿ ತತ್ತಿ ಇಡ್ತದ.
ಮಣ್ಣು ಕೆಂಪಿಂದ ಕರೇದಾಗೂ ಜಾಗ
ಅವನ ಹಿಮ್ಮಡಿಗೆ ಗೊತ್ತು:
‘ಇಲ್ಲಿ ತಣ್ಣಗ. ಇಲ್ಲಿ ಬೆಚ್ಚಗ. ಇಲ್ಲಿ ಎರಡೂ.’

ಹಂಗಾರ ಗೆರಿ ಎಲ್ಲೈತಿ ಅಂತ ಕೇಳಿದೆ.
ಗೌಳಿ ದಡ್ಡಿಯಾಗ ಹುಟ್ಟಿದಾಂವ,
ಬೀಡಿ ಆರಿಸಿ, ತುಂಡು ಕಿಸೆಗೆ ಹಾಕಿ ಅಂದ:
‘ಗೆರಿ ಅಂಬೂದು ದನ ಇದ್ಧಂಗ್ರಿ.
ಮಳಿ ಛಲೋ ಆದ ವರ್ಷ ಕೆಳಗಿಳದು ಮೇಯ್ತದ,
ಆಗದ ವರ್ಷ ಗುಡ್ಡ ಹತ್ತಿ ಕುಂದರ್ತದ.
ನಮ್ಮಜ್ಜ ಇದ್ದಾಗ ಆ ದಿಬ್ಬದಾಚೆ ಇತ್ತು.
ಈಗೀಗ ಇಳಿಯೂದು ಮರತೈತಿ.’

ಕಲ್ಲು ಮಾತ್ರ ಮೇಯಾಕ ಹೋಗೂದಿಲ್ಲ.
ಹದಿನಾಲ್ಕನೇದ್ದು ಒಂದು ಬಾರಿಕಂಟಿ ಬುಡಕ್ಕ
ಅರ್ಧ ಸುಣ್ಣ ಹೋಗಿ ನಿಂತೈತಿ.

ಉತ್ತರಿ ಮಳಿಯಾಗ ಆ ಕಲ್ಲು ದಾಟಿ
ಆರು ಎಮ್ಮಿ ಒಳಗ ಬಂದುವು.
ಮುಂದಿನದಕ್ಕ ಹಣಿಮ್ಯಾಲೆ ಬಿಳಿ ಚುಕ್ಕಿ.
ನನಗ ಗುರುತು. ದಿನಾ ಅದರ ಹಾಲಿನ ಚಾ ಕುಡಿಯೂದು.
ಬಾಗು ನನ್ನ ಮಾರಿ ನೋಡಲಿಲ್ಲ.
ಕಟಗಿ ತಗೊಂಡು ಹೊರಗ ಅಟ್ಟಿದ.
ಬೈಲಿಲ್ಲ, ಹೆಸರು ಹಿಡಿದೂ ಕರೀಲಿಲ್ಲ.
ಎಣಿಸಿದ. ‘ಆರು ಬರೀರಿ.’

ಪಾವತಿ ಪುಸ್ತಕ ತೆಗೆದೆ.
ಮಾಲಕರು: ಬಾಗು ವಿಠ್ಠು ಝೋರೆ.
ದಂಡ: ಮೂರು ಸಾವಿರ.
ಹಿಡಿದವರು: ಬಾಗು ವಿಠ್ಠು ಝೋರೆ.
ಸಾಕ್ಷಿ ಅಂತ ಇನ್ನೊಂದು ಸಾಲು ಇತ್ತು.
ಇಬ್ಬರೂ ಸುತ್ತ ನೋಡಿದ್ವಿ.
ಕಲ್ಲು ಇತ್ತು.

ಮರುದಿನ ಚಾ ಕರೇದು ಬಂತು.
‘ದಂಡ ತೀರೂತನಕ ಹಾಲು ಡೇರಿಗ್ರಿ’ ಅಂದ.
ಸಿಟ್ಟಲ್ಲ, ಲೆಕ್ಕ.
ಹದಿನೇಳು ದಿನ ಕರೀ ಚಾ ಕುಡಿದೆ.

ನಿನ್ನೆ ಹಳ್ಳದ ರಾಡಿಯಾಗ
ಚಿಗರಿ ಗೊರಸಿನ ಗುರುತು, ಕಾಡಿನ ಕಡೆ ಮಾರಿ ಮಾಡಿ.
ಬಯಲಿನ ಪ್ರಾಣಿಗೆ ಆ ಕತ್ತಲಾಗ ಏನು ಕೆಲಸ?
ಗುರುತಿನೊಳಗ ನೀರು ನಿಂತಿತ್ತು.
ನೀರಿನ ಅಂಚಿಗೆ ಒಂದು ಇಂಬಳ,
ದಾರದಷ್ಟು, ಎದ್ದು ನಿಂತು
ಯಾವ ಕಡೆಯಿಂದ ಬಿಸಿ ಬರತೈತಿ ಅಂತ
ಗಾಳ್ಯಾಗ ಹುಡುಕತಿತ್ತು.

ಬಾಗು ಟೇಪು ಹಿಡಿದ.
ನಾ ಅಳತಿ ಬರಕೊಂಡೆ.
ಆ ಖಾನೆ ಇನ್ನೂ ಹೊಡೆದಿಲ್ಲ.