ಗೇಣುದ್ದದ ಎರಡು ತುಂಡು

ಗೌಸ್ ಪೀರ್ ಕಟ್ಟೆಯ ಮೇಲೆ ಎರಡು ತುಂಡು ಇಟ್ಟು ಹೋಗಿದ್ದಾನೆ,
ಒಂದೊಂದೂ ಗೇಣುದ್ದ.
ಒಂದು ಮತ್ತಿ. ಇನ್ನೊಂದು ಹಾಸನದ ಅಂಗಡಿಯದು,
ಅರ್ಧ ಮರದ ಪುಡಿ, ಅರ್ಧ ಕರಗಿಸಿದ ಪ್ಲಾಸ್ಟಿಕ್ಕು,
ಮೈಮೇಲೆ ಅಚ್ಚೊತ್ತಿದ ನಾರು.
ಹತ್ತು ಹಲಗೆಗೊಮ್ಮೆ ಅದೇ ಗಂಟು ಬರುತ್ತದಂತೆ, ಅದೇ ಜಾಗದಲ್ಲಿ.

ಅರಸೀಕೆರೆಯಲ್ಲಿ ಡೆಕ್ ಹಾಕಿಸಿದವರು ಯಾರೂ ನನಗೆ ಗೊತ್ತಿಲ್ಲ.
ಏನದು ಎಂದು ಅಪ್ಪ ಮೂರು ಸಲ ಕೇಳಿದ.
ಹಿತ್ತಿಲಿಗೊಂದು ಹಲಗೆಯ ಜಗಲಿ ಅಂದೆ, ಹನ್ನೆರಡಕ್ಕೆ ಹತ್ತಡಿ,
ಮೇಲೆ ಸೂರಿಲ್ಲದ್ದು, ಕೆಳಗೆ ನೆಲ ಮುಟ್ಟದ್ದು.
"ಹಂಗಾದ್ರೆ ಪ್ಲಾಟ್‌ಫಾರ್ಮ್ ಅನ್ನು."

ಆಸ್ಪತ್ರೆಯ ಟೈಲ್ಸು ತುಳಿದೂ ತುಳಿದೂ ನನ್ನ ಹಿಮ್ಮಡಿ ಸತ್ತಿದೆ.
ರಾತ್ರಿ ಪಾಳಿ ಮುಗಿಸಿ ಬಂದವಳಿಗೆ
ಬರಿಗಾಲು ಊರಲು ಒಂದಿಷ್ಟು ಮರ ಬೇಕು, ಅಷ್ಟೆ.
ಔಷಧಿ ಕಂಪನಿಯವರು ಕೊಟ್ಟ ಡೈರಿಯಲ್ಲಿ ನಡುವೆ ಗೆರೆ ಎಳೆದೆ:
ಮತ್ತಿಗೆ ವರ್ಷಕ್ಕೊಮ್ಮೆ ಎಣ್ಣೆ, ಗೆದ್ದಲ ಮದ್ದು, ಬೂದುಬಣ್ಣ,
ಬಿರುಕು, ಮತ್ತೆ ಎಣ್ಣೆ.
ಗೆರೆಯ ಆಚೆ, ಒಂದು ಬಕೆಟ್ ಸೋಪಿನ ನೀರು.
ದುಡ್ಡಿನ ಲೆಕ್ಕ ಬರೆಯಲಿಲ್ಲ, ಬರೆದರೆ ಸೋಲುತ್ತಿದ್ದೆ.

ಅಪ್ಪ ಒಳಗೆ ಹೋಗಿ ಮಂಚದಡಿಯ ಸುತ್ತಿಗೆ ತಂದ,
ಉದ್ದ ಹಿಡಿಯದು. ಕೀಮ್ಯಾನ್ ತಿರುಮಲಯ್ಯ
ಮೂವತ್ತೊಂದು ವರ್ಷ, ಬಾಣಾವರದ ಕಡೆ ಐದು ಕಿಲೋಮೀಟರು ಹೋಗಿ
ಐದು ಬಂದು, ಕೀಲಿಗೊಂದು ಏಟು ಹಾಕಿದ ಸುತ್ತಿಗೆ.
ಮತ್ತಿಯ ಮೇಲೆ ತಟ್ಟಿದ. ಕಣ್ಣು ಮುಚ್ಚಿ ಕೇಳಿದ.
ಇನ್ನೊಂದರ ಮೇಲೆ ತಟ್ಟಿದ.
ಕಂಚಿನ ತಟ್ಟೆಗೂ ನೆನೆದ ಬಟ್ಟೆಗೂ ಇರುವಷ್ಟು ವ್ಯತ್ಯಾಸ
ನನ್ನ ಕಿವಿಗೂ ಬಿತ್ತು.
ಗೆದ್ದೆ ಅಂದುಕೊಂಡೆ.

"ಇದೇ ಇರಲಿ," ಅಂದ, ಸುತ್ತಿಗೆಯನ್ನು ಪ್ಲಾಸ್ಟಿಕ್ಕಿನ ಮೇಲಿಟ್ಟು.

ಮರದ ಸ್ಲೀಪರು ಕಿತ್ತು ಕಾಂಕ್ರೀಟು ಹಾಕಿದ ವಾರ
ಅನ್ನ ಬಿಟ್ಟು ಕೂತವನು ನೀನೇ ಅಲ್ಲವೇ, ಅಮ್ಮ ಹೇಳುತ್ತಿದ್ದಳು.
"ಅದು ಹಲ್ಲುನೋವಿಗೆ."

ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ:
"ಮರ ಒಳಗಿಂದ ಹೋಗ್ತದೆ ಕಣೆ. ಮೇಲೆ ಟಾರು ಮಿರಮಿರ,
ಒಳಗೆ ಅವಲಕ್ಕಿ. ತಟ್ಟಿದರೆ ಚೆನ್ನಾಗೇ ಮಾತಾಡ್ತದೆ.
ಆ ದನಿ ನಂಬಿ ಒಂದಿನ ಮುಂದೆ ಹೋದೆ.
ಸಂಜೆ ಗೂಡ್ಸು ಬಂತು."
ಏನಾಯ್ತು?
"ಏನಾಯ್ತು? ದಾಟ್ತು. ಬೆಳಿಗ್ಗೆ ಹೋಗಿ ಬೆರಳಿಟ್ಟೆ,
ಗೆಣ್ಣಿನ ತನಕ ಒಳಗೆ ಹೋಯ್ತು."

ನಲವತ್ತಮೂರು ವರ್ಷ ಜೊತೆಗಿದ್ದೂ ನನಗಿದು ಗೊತ್ತಿರಲಿಲ್ಲ.

ಏಪ್ರಿಲ್ಲು. ಮಧ್ಯಾಹ್ನ ಎರಡಕ್ಕೆ ತುಂಡುಗಳ ಮೇಲೆ ಕಾಲಿಟ್ಟೆ.
ಮತ್ತಿ ಬೆಚ್ಚಗಿತ್ತು, ತಡೆಯುವಂಥದು.
ಇನ್ನೊಂದು ಕಾದ ಕಾವಲಿ.
ನೋಡು, ಸುಡುತ್ತೆ ಅಂದೆ. ಅಪ್ಪನೂ ಕಾಲಿಟ್ಟ.
ನಿಂತ. ನಿಂತೇ ಇದ್ದ.
"ಏನೂ ಇಲ್ಲವಲ್ಲ," ಅಂದ.

ಆಗ ನನ್ನೊಳಗಿನ ನರ್ಸು ಎದ್ದು ಅವನ ಪಾದ ಎತ್ತಿ ನೋಡಿದಳು.
ಹದಿನಾರು ವರ್ಷದ ಸಕ್ಕರೆ. ಸಿಬಿರು ಹೊಕ್ಕರೂ ತಿಳಿಯದ ಕಾಲು,
ಸುಟ್ಟರೂ ತಿಳಿಯದ ಕಾಲು.
ಡೈರಿಯ ಗೆರೆಯ ಎರಡೂ ಕಡೆ
ಈ ಕಾಲನ್ನು ಬರೆಯುವುದು ಮರೆತಿದ್ದೆ.
ಸುಟ್ಟ ಗುಳ್ಳೆ ಕಣ್ಣಿಗೆ ಕಾಣುತ್ತದೆ. ಸಿಬಿರು ಕಾಣುವುದಿಲ್ಲ,
ಒಳಗೇ ಕೂತು ಕೀವಾಗುತ್ತದೆ; ಅಂಥ ಬೆರಳುಗಳನ್ನು
ಟ್ರೇಯಲ್ಲಿ ಹೊತ್ತೊಯ್ದಿದ್ದೇನೆ.

ಗೌಸ್ ಪೀರ್‌ಗೆ ಫೋನು ಮಾಡಿದೆ.
ಪೂರ್ವಕ್ಕೆ ಹಾಕು, ಮಧ್ಯಾಹ್ನ ಮನೆಯ ನೆರಳು ಬೀಳುವ ಕಡೆ,
ತೆಂಗಿನಿಂದ ಎರಡಾಳು ದೂರ.
"ಯಾವುದಕ್ಕಾ, ಹೇಳಲೇ ಇಲ್ಲ?"
ಆ ದನಿಯಿಲ್ಲದ್ದು, ಅಂದೆ.

ಚಪ್ಪಲಿ ಬಿಚ್ಚಬೇಡ ಅಂದಿದ್ದೇನೆ. ಬಿಚ್ಚುತ್ತಾನೆ.
ಸಂಜೆ ಅಲ್ಲೇ ಕೂತು, ಬರುವ ಗಾಡಿಯ ಸದ್ದಿಗೆ ಮುಂಚೆಯೇ
ಇದು ಲೇಟು, ಇದು ರೈಟ್ ಟೈಮು ಅನ್ನುತ್ತಾನೆ.

ಮತ್ತಿಯ ತುಂಡು ವಾಪಸು ಕೊಡಲಿಲ್ಲ.
ಅಡಿಗೆಮನೆ ಬಾಗಿಲಿಗೆ ಒತ್ತಾಗಿ ಬಿದ್ದಿರುತ್ತದೆ.
ಬೆಳಿಗ್ಗೆ ಏಳೂವರೆಗೆ, ಸಾಕ್ಸು ತೆಗೆದು, ಅದರ ಮೇಲೆ ನಿಲ್ಲುತ್ತೇನೆ.
ಎರಡು ಪಾದಕ್ಕೆ ಜಾಗ ಸಾಲದು.
ಮೊದಲು ಎಡ. ಆಮೇಲೆ ಬಲ.